ಎಲೆ ಎಣಿಸಿ, ಆಮೇಲೆ ಮೆಷಿನ್ ಆನ್ ಮಾಡಿ

(ಹನುಮಂತನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಗೆಳೆಯರೊಬ್ಬರ ಮನೆಯ ಮಹಡಿಯ ಮೇಲೆ ಆಡಿದ ಮಾತು ಇದು. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಪಟ್ಟಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ. ಸುಮ್ನೆ ನೋಡಬೇಡಿ, ಮುಟ್ಟಿ ನೋಡಿ. ಸಾಗುವಾನಿ ಮರ. ಅಗಲ 60 ಮಿಲಿಮೀಟರ್, ದಪ್ಪ 18. ಮೇಲೆ ಮಾವಿನೆಲೆ ಬಳ್ಳಿ. ಬಲತುದಿಗೆ ಬಂದಾಗ ಬೆರಳು ಥಟ್ಟನೆ ನಿಲ್ಲುತ್ತದೆ. ಅಲ್ಲಿ ಕೊನೆಯ ಎಲೆ ಅರ್ಧ ಕೂಡ ಇಲ್ಲ. ನಾನು ಮನೆಯಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಮೆಷಿನ್ನಿನಲ್ಲಿ ಮಾಡಿದ ಮೊದಲ ಬೀಡಿಂಗ್ ಪಟ್ಟಿಯ (ಬಾಗಿಲ ಅಂಚಿಗೆ ಬಡಿಯುವ ಅಲಂಕಾರದ ಪಟ್ಟಿ) ಬಲಗಡೆ ತುಂಡು ಅದು. ಇವತ್ತು ನಾನು ಹೇಳುವುದೆಲ್ಲ ಹೆಚ್ಚುಕಮ್ಮಿ ಆ ತುಂಡು ಎಲೆಯ ಕಥೆಯೇ.

ನಾನು ಮರಗೆಲಸದವನಲ್ಲ. ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಬ್ಬಿಣ, ಅಲ್ಯೂಮಿನಿಯಂ ಕೊರೆದವನು. ಸಿಎನ್‌ಸಿ ಅಂದರೆ ನನಗೆ ದಿನಾ ಕುಡಿಯುವ ಕಾಫಿ ಇದ್ದ ಹಾಗೆ. ಗೊತ್ತಿಲ್ಲದವರಿಗೆ ಎರಡೇ ಮಾತಿನಲ್ಲಿ ಹೇಳುತ್ತೇನೆ. ಕೊರೆಯುವ ಬಿಟ್ ಎಲ್ಲಿಗೆ ಹೋಗಬೇಕು, ಎಷ್ಟು ಆಳ, ಎಷ್ಟು ವೇಗ ಅನ್ನುವುದನ್ನೆಲ್ಲ ಅಂಕಿಯಲ್ಲಿ ಬರೆದು ಕೊಡುತ್ತೇವೆ. ಜಿ0 ಅಂದರೆ ಗಾಳಿಯಲ್ಲಿ ಸರ್ರನೆ ಓಡು, ಜಿ1 ಅಂದರೆ ಹೇಳಿದ ವೇಗದಲ್ಲಿ ಕೊರೆಯುತ್ತಾ ಹೋಗು. ಅಮೆರಿಕದಲ್ಲಿ ಹೆಲಿಕಾಪ್ಟರ್ ರೆಕ್ಕೆಯ ಭಾಗಗಳನ್ನು ಮಾಡುತ್ತಿದ್ದ ಜಾನ್ ಪಾರ್ಸನ್ಸ್ ಅವರ ತಲೆಯಿಂದ ಹೊರಟ ಯೋಚನೆ ಇದು. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ 1952ರಲ್ಲಿ ಇಂಥ ಮೆಷಿನ್ನನ್ನು ಓಡಿಸಿ ತೋರಿಸಿದರು. ತೂತು ಹೊಡೆದ ಟೇಪು ಅದಕ್ಕೆ ಅಪ್ಪಣೆ ಕೊಡುತ್ತಿತ್ತು. ಅದರ ಮರುವರ್ಷವೇ, 1953ರಲ್ಲಿ, ನಮ್ಮ ಎಚ್‌ಎಂಟಿ, ಅಂದರೆ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಶುರುವಾಯಿತು. ಈ ಊರಿಗೆ ಮೆಷಿನ್ ಟೂಲ್ ಹೊಸದಲ್ಲ ಅಂತ ಹೇಳುವುದಕ್ಕೆ ಇದನ್ನು ನೆನಪಿಸಿದೆ, ಅಷ್ಟೇ.

ಈಗ ಅದೇ ಬಗೆಯ ಮೆಷಿನ್ ಮನೆಯ ಮೇಜಿನ ಮೇಲೆ ಕೂತಿದೆ. ಗ್ರಬಲ್ ಅನ್ನುವ ಬಿಟ್ಟಿ ಸಾಫ್ಟ್‌ವೇರ್ ಆರ್ಡುಯಿನೊ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಕೂತು ಮೂರು ಮೋಟಾರುಗಳನ್ನು ಓಡಿಸುತ್ತದೆ. ನನ್ನದು ನಾನೇ ಜೋಡಿಸಿದ್ದು. ಬೋರ್ಡು, ಮೋಟಾರು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡಿನದು. ಅಲ್ಯೂಮಿನಿಯಂ ಚೌಕಟ್ಟು ಪೀಣ್ಯದ್ದು. ಬಿಟ್ ತಿರುಗಿಸುವ ಸ್ಪಿಂಡಲ್ ಅಂದರೆ ಬಡಗಿಗಳು ಲ್ಯಾಮಿನೇಟ್ ಅಂಚು ತಿದ್ದುವ ಸಣ್ಣ ರೌಟರ್. ಉದ್ದಕ್ಕೆ 600 ಮಿಲಿಮೀಟರ್ ಓಡುತ್ತದೆ.

ಮೆಷಿನ್ ಇದೆ, ಅನುಭವ ಇದೆ. ಮರ ತಾನೇ, ಬೆಣ್ಣೆ ಕೊರೆದ ಹಾಗೆ ಕೊರೆಯಬಹುದು ಅಂದುಕೊಂಡೆ. ಮೂರು ಸಲ ಎಡವಿದೆ.

ಮೊದಲನೆಯದು ವೇಗ. ಕಬ್ಬಿಣದವನಿಗೆ ಹುಷಾರು ಅಂದರೆ ನಿಧಾನ. ರೌಟರ್ ನಿಮಿಷಕ್ಕೆ 15,000 ಸುತ್ತಿನಲ್ಲಿ ತಿರುಗುತ್ತಿತ್ತು. ನಾನು ನಿಮಿಷಕ್ಕೆ 300 ಮಿಲಿಮೀಟರಿನಂತೆ ಎತ್ತಿನಗಾಡಿ ಓಡಿಸಿದೆ. ಹತ್ತೇ ನಿಮಿಷಕ್ಕೆ ಮಹಡಿಯೆಲ್ಲ ಹೋಮದ ಹೊಗೆ. ಪಟ್ಟಿಯ ಅಂಚು ಕಪ್ಪಗಾಯಿತು. ಲೆಕ್ಕ ಹಾಕಿ ನೋಡಿ. ಬಿಟ್ಟಿಗೆ ಎರಡು ಅಲಗು. ನಿಮಿಷಕ್ಕೆ 30,000 ಸಲ ಮರವನ್ನು ಕಚ್ಚುತ್ತದೆ. 300 ಮಿಲಿಮೀಟರನ್ನು ಅಷ್ಟು ಸಲಕ್ಕೆ ಹಂಚಿದರೆ ಒಂದು ಕಚ್ಚಿಗೆ 0.01 ಮಿಲಿಮೀಟರ್ ಬರುತ್ತದೆ. ಅದು ಕಚ್ಚುವುದಲ್ಲ, ಉಜ್ಜುವುದು. ಉಜ್ಜಿದರೆ ಬಿಸಿ, ಬಿಸಿಯಾದರೆ ಸುಡುತ್ತದೆ. ವೇಗವನ್ನು 1500ಕ್ಕೆ ಏರಿಸಿದೆ. ಒಂದು ಕಚ್ಚಿಗೆ 0.05 ಸಿಕ್ಕಿತು. ಹೊಗೆ ನಿಂತಿತು. ಕೆಳಗೆ ಬೀಳುವುದನ್ನು ಬೆರಳಲ್ಲಿ ಹಿಡಿದು ನೋಡಿ. ರಾಗಿ ಹಿಟ್ಟಿನ ಥರ ನುಣ್ಣಗಿದ್ದರೆ ನಿಧಾನ ಜಾಸ್ತಿಯಾಯಿತು ಅಂತ. ಸಣ್ಣ ಸಣ್ಣ ಚಕ್ಕೆ ಬಿದ್ದರೆ ಸರಿಯಾಗಿದೆ ಅಂತ. ಇನ್ನೊಂದು ಮಾತು. ಸಾಗುವಾನಿಯೊಳಗೆ ಸಿಲಿಕಾ ಇರುತ್ತದೆ, ಅದು ಅಲಗನ್ನು ಬೇಗ ಮೊಂಡು ಮಾಡುತ್ತದೆ. ನಿನ್ನೆ ಸುಡದೆ ಕೊರೆದ ಬಿಟ್ ಇವತ್ತು ಸುಡುತ್ತಿದ್ದರೆ ಮೆಷಿನ್ ಸೆಟ್ಟಿಂಗ್ ಮುಟ್ಟಬೇಡಿ, ಬಿಟ್ ಬದಲಾಯಿಸಿ.

ಎರಡನೆಯದು ಮೊಳೆ. ಹೊಸ ಸಾಗುವಾನಿ ಬೇಕಿದ್ದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಗೆ ಹೋಗಬಹುದು. ನನಗೆ ಹಳೆ ಮರದ ಹುಚ್ಚು. ಬೆಂಗಳೂರಿನಲ್ಲಿ ವಾರಕ್ಕೊಂದು ಹಳೆ ಮನೆ ಕೆಡವುತ್ತಾರೋ ಏನೋ ಅನಿಸುತ್ತದೆ. ಅದರ ಕಿಟಕಿ ಚೌಕಟ್ಟು ಒಣಗಿ, ನೆನೆದು, ಮತ್ತೆ ಒಣಗಿ ಹದವಾಗಿರುತ್ತದೆ. ಆದರೆ ಹೊಟ್ಟೆಯಲ್ಲಿ ತಲೆ ಮುರಿದ ಮೊಳೆ ಇಟ್ಟುಕೊಂಡಿರುತ್ತದೆ. ಬಿಟ್ಟಿಗೆ ಮೊಳೆ ಸಿಕ್ಕಿದಾಗ ಕಿಡಿ ಹಾರಿತು, ಬಿಟ್ ಮುರಿದು ಗೋಡೆಗೆ ಬಡಿಯಿತು. ಕಣ್ಣಿಗೆ ಕನ್ನಡಕ ಇತ್ತು, ಬಚಾವಾದೆ. ಈಗ ಹಳೆ ಮರ ಬಂದರೆ ಮೊದಲು ಸ್ಪೀಕರಿನಿಂದ ಬಿಚ್ಚಿದ ದೊಡ್ಡ ಅಯಸ್ಕಾಂತವನ್ನು ಅದರ ಮೈಮೇಲೆಲ್ಲ ಆಡಿಸುತ್ತೇನೆ.

ಮೂರನೆಯದೇ ನಿಮ್ಮ ಕೈಯಲ್ಲಿರುವ ತುಂಡು ಎಲೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ನಮ್ಮ ಮನೆ ಬಾಗಿಲ ಮೇಲೆ, ಎರಡು ಮೂಲೆಕಟ್ಟುಗಳ, ಅಂದರೆ ಮೂಲೆಯ ಹೂವಿನ ತುಂಡುಗಳ, ನಡುವೆ ಸರಿಯಾಗಿ ಮೂರೂವರೆ ಅಡಿ ಜಾಗ. ಮಿಲಿಮೀಟರಿನಲ್ಲಿ 1067. ಕಂಪ್ಯೂಟರಿನಲ್ಲಿ ಒಂದು ಮಾವಿನೆಲೆ, ಒಂದು ಬಳ್ಳಿಯ ಬಳುಕು ಬರೆದೆ. ಉದ್ದ 80 ಮಿಲಿಮೀಟರ್. ಯಾಕೆ 80? ಸುಮ್ನೆ, ಗುಂಡಾದ ಸಂಖ್ಯೆ ಅಂತ. ಎಡಗಡೆಯಿಂದ ಒಂದರ ಪಕ್ಕ ಒಂದು ಇಡುತ್ತಾ ಹೋದೆ. 13 ಎಲೆ ಆಯಿತು, 1040 ಮಿಲಿಮೀಟರ್ ತುಂಬಿತು. ಉಳಿದ 27ರಲ್ಲಿ ಹದಿನಾಲ್ಕನೇ ಎಲೆಯ ಮೂರನೇ ಒಂದು ಭಾಗ ಕೂತಿತು. ಕಂಪ್ಯೂಟರ್ ಪರದೆಯ ಮೇಲೆ ಏನೂ ಅನಿಸಲಿಲ್ಲ. ಬಾಗಿಲ ಮೇಲೆ ಬಡಿದ ಮೇಲೆ ಅದೊಂದೇ ಕಾಣುತ್ತಿತ್ತು. ಯುಗಾದಿಗೆ ಅಮ್ಮ ತೋರಣ ಕಟ್ಟುವಾಗ ಆ ಮೂಲೆಗೆ ಮಾತ್ರ ಒಂದು ದಪ್ಪ ಗೊಂಚಲು ಸಿಗಿಸಿದರು. ಬಾಯಿಬಿಟ್ಟು ಏನೂ ಹೇಳಲಿಲ್ಲ.

ಆ ದಿನಗಳಲ್ಲೇ ಪಕ್ಕದ ಮನೆಗೆ ಬಾಗಿಲು ಕೂರಿಸಲು ಬಂದಿದ್ದ ಆಚಾರ್ರು ನಮ್ಮ ಬಾಗಿಲ ಮುಂದೆ ನಿಂತರು. ವಯಸ್ಸಾದವರು. ಪಟ್ಟಿ ನೋಡಿದರು. "ಕೆಲ್ಸ ನುಣ್ಣಗೆ ಬಂದಿದೆ ಸ್ವಾಮಿ. ಎಣಿಸಿಲ್ವಲ್ಲ?" ಅಂದರು.

"ಅಳತೆ ಸರಿಯಾಗಿಯೇ ಇದೆ ಆಚಾರ್ರೇ" ಅಂದೆ.

"ಅಳತೆ ಬೇರೆ, ಎಣಿಕೆ ಬೇರೆ. ಎಷ್ಟು ಎಲೆ ಅಂತ ಮೊದಲು ನೀವು ಹೇಳ್ಬೇಕು. ಎಲೆ ಎಷ್ಟು ಉದ್ದ ಅಂತ ಆಮೇಲೆ ಮರ ಹೇಳುತ್ತೆ."

ಆಮೇಲೆ ಪೆನ್ಸಿಲಿನಲ್ಲಿ ಗೋಡೆಯ ಮೇಲೆಯೇ ಲೆಕ್ಕ ಬರೆದರು. ಅವರ ಅಳತೆ ನೂಲಿನಲ್ಲಿ. ಇಂಚಿನ ಎಂಟನೇ ಒಂದು ಭಾಗ ಒಂದು ನೂಲು, 3.175 ಮಿಲಿಮೀಟರ್. ಇಲ್ಲೊಂದು ತಮಾಷೆ. ಈ ಸಣ್ಣ ಸಿಎನ್‌ಸಿಗಳಿಗೆ ಸಿಗುವ ಬಿಟ್ಟುಗಳ ಹಿಡಿಯ ದಪ್ಪವೂ ಸರಿಯಾಗಿ 3.175 ಮಿಲಿಮೀಟರ್. ಆಚಾರ್ರಿಗೆ ಒಂದು ಬಿಟ್ ಕೊಟ್ಟೆ. ಬೆರಳಲ್ಲಿ ಹಿಡಿದು "ಒಂದು ನೂಲು" ಅಂದರು. ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಬೇಕಾಗಲಿಲ್ಲ.

ಲೆಕ್ಕ ಇಷ್ಟೇ. ಎಲೆಯ ಸಂಖ್ಯೆ ಬೆಸ ಇರಲಿ, ನಡುವೆ ಒಂದು ಪೂರ್ತಿ ಎಲೆ ಬೀಳುತ್ತದೆ. 13 ಅಂತ ಇಟ್ಟುಕೊಳ್ಳಿ. 1067ನ್ನು 13ರಿಂದ ಭಾಗಿಸಿದರೆ 82.08. ಒಂದೊಂದು ಎಲೆಯನ್ನು ಎರಡು ಮಿಲಿಮೀಟರ್ ಹಿಗ್ಗಿಸಿದರೆ ಸಾಕು. ಯಾರ ಕಣ್ಣಿಗೂ ಕಾಣುವುದಿಲ್ಲ. ಮನುಷ್ಯನ ಕಣ್ಣು ಎರಡು ಮಿಲಿಮೀಟರನ್ನು ಕ್ಷಮಿಸುತ್ತದೆ, ತುಂಡು ಎಲೆಯನ್ನು ಕ್ಷಮಿಸುವುದಿಲ್ಲ. ಪಕ್ಕದ ಕಂಬಪಟ್ಟಿಗಳು ಏಳಡಿ, ಅಂದರೆ ಸರಿಯಾಗಿ ದುಪ್ಪಟ್ಟು, 26 ಎಲೆ. ಅಲ್ಲಿ ನಡು ಯಾರೂ ನೋಡುವುದಿಲ್ಲ, ಸಮಸಂಖ್ಯೆ ನಡೆಯುತ್ತದೆ.

ಇದನ್ನು ಕೇಳಿದ ಮೇಲೆ ಊರು ತಿರುಗುವಾಗ ನನ್ನ ಕಣ್ಣೇ ಬದಲಾಯಿತು. ಕೆ.ಆರ್. ಮಾರ್ಕೆಟ್ ಹತ್ತಿರದ ಟಿಪ್ಪು ಬೇಸಿಗೆ ಅರಮನೆ ನೋಡಿದ್ದೀರಲ್ಲ, 1791ರಲ್ಲಿ ಕಟ್ಟಿ ಮುಗಿಸಿದ್ದು. ಸಾಗುವಾನಿ ಕಂಬಗಳು, ಕಂಬದಿಂದ ಕಂಬಕ್ಕೆ ಕಮಾನು. ಆ ಕಮಾನಿನ ಬಳುಕುಗಳನ್ನು ಎಣಿಸಿ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ, ನಡುವಿನ ತುದಿ ನಡುವಿನಲ್ಲೇ. ಬಸವನಗುಡಿ, ಮಲ್ಲೇಶ್ವರಂ ಕಡೆ ಅಲ್ಲೊಂದು ಇಲ್ಲೊಂದು ಉಳಿದಿರುವ ಮಂಕಿ ಟಾಪ್ ಮನೆಗಳನ್ನೂ ನೋಡಿ. ಕಿಟಕಿಯ ಮೇಲೆ, ಪೋರ್ಟಿಕೊ ಮೇಲೆ ಚೂಪಾಗಿ ಮುಂದಕ್ಕೆ ಚಾಚಿದ ಮರದ ಮುಚ್ಚಿಗೆ, ಅದರ ಅಂಚಿಗೆ ಕತ್ತರಿಸಿದ ಹಲಗೆ. ಹಲಗೆಯ ಹಲ್ಲುಗಳು ಕೆಳಮುಖವಾಗಿ ಚೂಪಾಗಿರುತ್ತವೆ. ಮಳೆ ಬಂದಾಗ ಹೋಗಿ ನಿಲ್ಲಿ, ನೀರು ಆ ತುದಿಗಳಿಂದ ತೊಟ್ಟಿಕ್ಕುವುದು ಕಾಣುತ್ತದೆ. ಚೆಂದದ ಜೊತೆಗೆ ಕೆಲಸವೂ ಇದೆ. ಮೂಲೆಯಲ್ಲಿ ಅರ್ಧ ಹಲ್ಲು ಇರುವ ಹಲಗೆ ನನಗೆ ಇನ್ನೂ ಸಿಕ್ಕಿಲ್ಲ, ಹುಡುಕುತ್ತಲೇ ಇದ್ದೇನೆ. ಮೆಷಿನ್ನಿನಲ್ಲಿ ಮಾಡಿದರೆ ಕಲೆ ಅಲ್ಲ ಅನ್ನುವವರಿಗೆ ಒಂದು ಮಾತು. ಇಂಥ ಅಂಚುಹಲಗೆಗಳನ್ನು ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಹಬೆಯಿಂದ ಓಡುವ ಗರಗಸದಲ್ಲಿ ಕತ್ತರಿಸುತ್ತಿದ್ದರು.

ಸರಿ, ಕೆಲಸಕ್ಕೆ ಬರೋಣ. ಪಟ್ಟಿ ಏಳಡಿ, ಮೆಷಿನ್ ಎರಡಡಿಗೂ ಕಡಿಮೆ. ಹೇಗೆ? ಸರಿಸಿ ಸರಿಸಿ ಕೊರೆಯಬೇಕು. ಇಲ್ಲಿಯೂ ಎಣಿಕೆಯೇ ಕಾಪಾಡುತ್ತದೆ. 7 ಎಲೆ ಅಂದರೆ 575 ಮಿಲಿಮೀಟರ್, 600ರೊಳಗೆ ಕೂರುತ್ತದೆ. ಆದ್ದರಿಂದ 26 ಎಲೆಯನ್ನು 7, 7, 6, 6 ಅಂತ ನಾಲ್ಕು ಸಲಕ್ಕೆ ಹಂಚಿದೆ. ಪಟ್ಟಿ ಒಂದು ನೇರ ಒರಗುಪಟ್ಟಿಗೆ ತಾಗಿಕೊಂಡು ಜಾರಬೇಕು. ಆ ಒರಗುಪಟ್ಟಿ ಮೆಷಿನ್ನಿನ ಓಟಕ್ಕೆ ಸಮಾನಾಂತರ ಇರಲೇಬೇಕು. ಅದನ್ನು ಸರಿ ಮಾಡುವ ಸುಲಭ ದಾರಿ ಅಂದರೆ, ಒರಗುಪಟ್ಟಿಯನ್ನು ಬೆಡ್ಡಿಗೆ ಬಿಗಿದ ಮೇಲೆ ಅದರ ಅಂಚನ್ನು ಮೆಷಿನ್ನಿನಿಂದಲೇ ಒಂದು ಸಲ ಸವರಿಸಿಬಿಡುವುದು. ಆಮೇಲೆ ಮೊದಲ ಸುತ್ತಿನಲ್ಲೇ, ಆ ಸುತ್ತಿನಲ್ಲಿ ಕೊರೆಯುವ ಭಾಗದ ಎರಡೂ ತುದಿಯ ಹತ್ತಿರ, ಅಂಚಿಗೆ ಬಿಟ್ಟ ಹೆಚ್ಚುವರಿ ಮರದಲ್ಲಿ ಒಂದೊಂದು ತೂತು ಕೊರೆಸಿ. ಮುಂದಿನ ಸಲ ಪಟ್ಟಿ ಸರಿಸಿದಾಗ ಬಲತುದಿಯ ತೂತು ಬೆಡ್ಡಿನ ಎಡತುದಿಯ ಗೂಟಕ್ಕೆ ಕೂರಬೇಕು. ಟೇಪು ಹಿಡಿದು ಅಳೆಯುವ ಕೆಲಸವೇ ಇಲ್ಲ.

ಅಷ್ಟು ಮಾಡಿದರೂ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಮೆಟ್ಟಿಲು ಬರುತ್ತದೆ. ಅದನ್ನು ಎಲೆಯ ಮೈಮೇಲೆ ಬೀಳಲು ಬಿಡಬಾರದು. ಬಳ್ಳಿಯ ಗೆಣ್ಣಿಗೆ ತಳ್ಳಿ. ನಾನು ಪ್ರತಿ ಎಲೆಯ ಬುಡದಲ್ಲಿ ಕಬ್ಬಿನ ಗೆಣ್ಣಿನ ಹಾಗೆ ಒಂದು ಉಬ್ಬು ಬರೆದಿದ್ದೇನೆ. ಸೇರುವ ಗೆರೆ ಅಲ್ಲಿಗೇ ಬರುತ್ತದೆ, ಮರಳು ಕಾಗದದಲ್ಲಿ ನಾಲ್ಕು ಸಲ ಉಜ್ಜಿದರೆ ಮಾಯ.

ಉಬ್ಬು ಕೆತ್ತನೆಗೆ ತುದಿ ಗುಂಡಗಿರುವ ಬಿಟ್ ಬೇಕು. ಅದು ಗದ್ದೆ ಉತ್ತ ಹಾಗೆ ಗೆರೆ ಗೆರೆಯಾಗಿ ಹೋಗುತ್ತದೆ, ಎರಡು ಗೆರೆಯ ನಡುವೆ ಸಣ್ಣ ಏಣು ಉಳಿಯುತ್ತದೆ. 6 ಮಿಲಿಮೀಟರ್ ಬಿಟ್, ಗೆರೆಯ ಅಂತರ ಅರ್ಧ ಮಿಲಿಮೀಟರ್ ಆದರೆ ಏಣಿನ ಎತ್ತರ ಮಿಲಿಮೀಟರಿನ ನೂರನೇ ಒಂದು ಭಾಗ. ಕಾಣುವುದೇ ಇಲ್ಲ. ಅಂತರ ಒಂದು ಮಿಲಿಮೀಟರ್ ಮಾಡಿದರೆ ಕೆಲಸ ಅರ್ಧ ಹೊತ್ತಿಗೆ ಮುಗಿಯುತ್ತದೆ, ಆದರೆ ಏಣು ನಾಲ್ಕರಷ್ಟಾಗುತ್ತದೆ. ಆ ಉಳಿದ ಅರ್ಧ ಹೊತ್ತನ್ನು ನಿಮ್ಮ ಭುಜ ಮರಳು ಕಾಗದದಲ್ಲಿ ತೀರಿಸುತ್ತದೆ. ಗೆರೆಗಳು ಮರದ ಎಳೆಯ ಉದ್ದಕ್ಕೆ ಓಡಲಿ. ಅಡ್ಡಕ್ಕೆ ಓಡಿಸಿದರೆ ನಾರು ಎದ್ದು ನಿಲ್ಲುತ್ತದೆ, ಪಾಲಿಶ್ ಹಾಕಿದ ಮೇಲೂ ಕಾಣುತ್ತದೆ.

ಸಮಯದ ವಿಷಯಕ್ಕೆ ಬಂದರೆ, 60 ಅಗಲಕ್ಕೆ ಅರ್ಧ ಮಿಲಿಮೀಟರಿನಂತೆ 120 ಗೆರೆ. ಒಂದೊಂದೂ 575. ಒಟ್ಟು 69 ಮೀಟರ್ ಓಟ. ನಿಮಿಷಕ್ಕೆ 1500 ಅಂದರೆ ಕಾಗದದ ಮೇಲೆ 46 ನಿಮಿಷ. ನನ್ನ ಮೆಷಿನ್ನಿನಲ್ಲಿ ಒಂದೂಕಾಲು ಗಂಟೆ ಹಿಡಿಯಿತು. ಎಲೆಯ ಮೇಲೆ ಹತ್ತಿ ಇಳಿಯುವಾಗ ಮೋಟಾರು ಪೂರ್ತಿ ವೇಗಕ್ಕೆ ಬರುವುದೇ ಇಲ್ಲ. ಹಂಪ್ ಇರುವ ರಸ್ತೆಯಲ್ಲಿ ಸ್ಕೂಟರ್ ಓಡಿಸಿದ ಹಾಗೆ. ಎಲೆಯ ನರಗಳಿಗೆ ಆಮೇಲೆ 60 ಡಿಗ್ರಿ ವಿ-ಬಿಟ್ (ತುದಿ ಚೂಪಾಗಿರುವ ಬಿಟ್) ಹಾಕಿ ಇನ್ನೊಂದು ಸುತ್ತು ಓಡಿಸುತ್ತೇನೆ.

ಒಂದು ಮಾತು ಮರೆಯುತ್ತಿದ್ದೆ. ಉದ್ದಕ್ಕೂ ಒಂದೇ ಆಕಾರ ಇರುವ ಪಟ್ಟಿ, ಬರೀ ಗುಂಡಂಚು, ಬರೀ ಎರಡು ಗೆರೆ ಇರುವಂಥದ್ದು, ಅದಕ್ಕೆ ದಯವಿಟ್ಟು ಸಿಎನ್‌ಸಿ ಹಚ್ಚಬೇಡಿ. ಆ ಆಕಾರದ ಬಿಟ್ಟನ್ನು ಕೈ ರೌಟರಿಗೆ ಹಾಕಿ ಎಳೆದರೆ ಐದು ನಿಮಿಷದಲ್ಲಿ ಏಳಡಿ ಮುಗಿಯುತ್ತದೆ. ಹಿಂದೆ ಇದೇ ಕೆಲಸವನ್ನು ಬಳುಕಿದ ಅಲಗಿನ ತೋಪಡದಲ್ಲಿ ಮಾಡುತ್ತಿದ್ದರು. ಉದ್ದಕ್ಕೆ ಹೋದಂತೆ ಆಕಾರ ಬದಲಾಗಬೇಕು ಅಂದಾಗ ಮಾತ್ರ ಸಿಎನ್‌ಸಿಗೆ ಬೆಲೆ.

ಪಟ್ಟಿ ಹಿಡಿದಿಡುವುದು ಇನ್ನೊಂದು ತಲೆನೋವು. ಕ್ಲಾಂಪ್ ಹಾಕಿದರೆ ಬಿಟ್ ಅದಕ್ಕೇ ಹೋಗಿ ಗುದ್ದುತ್ತದೆ. ನಾನು ಮಾಡುವುದು ಹೀಗೆ. ಬೆಡ್ಡಿಗೆ ಒಂದು ಮಾಸ್ಕಿಂಗ್ ಟೇಪ್, ಪಟ್ಟಿಯ ಬೆನ್ನಿಗೆ ಒಂದು ಮಾಸ್ಕಿಂಗ್ ಟೇಪ್, ಎರಡರ ನಡುವೆ ಫೆವಿಕ್ವಿಕ್. ಅಲ್ಲಾಡುವುದಿಲ್ಲ. ಕೆಲಸ ಮುಗಿದ ಮೇಲೆ ಟೇಪು ಕಿತ್ತರೆ ಮರಕ್ಕೆ ಅಂಟು ತಾಗಿರುವುದೇ ಇಲ್ಲ.

ಕರೆಂಟ್ ಹೋಗುವುದು ನಮಗೆಲ್ಲ ಗೊತ್ತಿರುವ ಕಥೆ. ಕರೆಂಟ್ ಹೋದರೆ ಮೋಟಾರಿಗೆ ತಾನು ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಅದಕ್ಕೇ ಆ ಎಡತುದಿಯ ಗೂಟ ಇನ್ನೊಂದು ಉಪಕಾರ ಮಾಡುತ್ತದೆ. ಅದನ್ನೇ ಸೊನ್ನೆ ಅಂತ ಇಟ್ಟುಕೊಂಡಿದ್ದರೆ ಮತ್ತೆ ಅಲ್ಲಿಗೇ ಬಂದು ಶುರು ಮಾಡಬಹುದು. ಹಾಗಂತ ಮೆಷಿನ್ ಓಡುವಾಗ ಕೆಳಗೆ ಊಟಕ್ಕೆ ಹೋಗಬೇಡಿ. ಮೊಂಡು ಬಿಟ್ಟಿನ ಕಿಡಿ ಹೊಟ್ಟಿನೊಳಗೆ ಸೇರಿ ಒಳಗೊಳಗೇ ಹೊಗೆಯಾಡುವುದುಂಟು. ಮರದ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ಎನ್95 ಮಾಸ್ಕ್ ಹಾಕಿ, ವ್ಯಾಕ್ಯೂಮ್ ಇಡಿ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಬರೆಯುತ್ತೇನೆ.

ಒಬ್ಬ ಹುಡುಗ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ, ಆಗುತ್ತಾ ಅಂತ ಕೇಳಿದ. ಒಳಗಡೆಗೆ ಆಗುತ್ತದೆ, ಬಣ್ಣ ಬಳಿಯುವುದಾದರೆ ಚೆನ್ನಾಗಿಯೂ ಇರುತ್ತದೆ. ಎಳೆಯೇ ಇಲ್ಲವಲ್ಲ, ಸಿಬಿರು ಏಳುವುದಿಲ್ಲ. ಹೊರಬಾಗಿಲಿಗೆ ಬೇಡ, ಒಂದು ಮಳೆಗಾಲಕ್ಕೆ ರಸ್ಕ್ ನೆನೆದ ಹಾಗೆ ಉಬ್ಬುತ್ತದೆ. ಅದರ ದೂಳಿನಲ್ಲಿ ಅಂಟಿನ ಫಾರ್ಮಾಲ್ಡಿಹೈಡ್ ಬೇರೆ ಇರುತ್ತದೆ.

ಆನ್‌ಲೈನಿನಲ್ಲಿ ಸಿಗುವ 3018 ಅನ್ನುವ ಪುಟ್ಟ ಸಿಎನ್‌ಸಿ ಕಿಟ್ ಸಾಕಾ ಅಂತ ಇನ್ನೊಬ್ಬರು ಕೇಳಿದರು. ಹೆಸರೇ ಹೇಳುವ ಹಾಗೆ 300ಕ್ಕೆ 180 ಮಿಲಿಮೀಟರ್. ಒಂದು ಸಲಕ್ಕೆ ಮೂರೆಲೆ ಬರುತ್ತದೆ. 26 ಎಲೆಯನ್ನು ಒಂಬತ್ತು ಸಲಕ್ಕೆ ಹಂಚಬೇಕು. ಒಳ್ಳೆ ಮೊಬೈಲ್ ಫೋನಿನ ದುಡ್ಡಿಗೆ ಬರುತ್ತದೆ, ಕಲಿಯುವುದಕ್ಕೆ ಸಾಕು. ಸದ್ದು ಮಾತ್ರ ವಿಚಾರಿಸಿಕೊಳ್ಳಿ. ಅಪಾರ್ಟ್‌ಮೆಂಟಿನಲ್ಲಿದ್ದು, ಮೇಲಿನ ಮನೆಯಲ್ಲಿ ಹತ್ತನೇ ಕ್ಲಾಸಿನ ಮಗು ಇದ್ದರೆ ಮಾರ್ಚ್ ತಿಂಗಳು ಮೆಷಿನ್ನಿಗೆ ಬಟ್ಟೆ ಮುಚ್ಚಿಡಿ.

ಪಟ್ಟಿಯನ್ನು ಗೋಡೆಗೆ ಬರೀ ಅಂಟಿನಲ್ಲಿ ಕೂರಿಸಬಹುದಾ ಅನ್ನುವ ಪ್ರಶ್ನೆಯೂ ಬಂತು. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಗಲಕ್ಕೆ ಹಿಗ್ಗುತ್ತದೆ. ಪಟ್ಟಿ ಕಿರಿದು, ಹಾಗಾಗಿ ಪರವಾಗಿಲ್ಲ. ಅಗಲದ ಹಲಗೆಗೆ ಅಡ್ಡಡ್ಡ ಎಳೆ ಬರುವ ಹಾಗೆ ಅಂಟಿಸಿದರೆ ಮಾತ್ರ ಬೇಸಿಗೆಯಲ್ಲಿ ಸೀಳು ಬಿಡುತ್ತದೆ.

ಮೂಲೆಯ ಹೂವನ್ನೂ ಮೆಷಿನ್ನೇ ಮಾಡಿತಾ ಅಂತ ಹಿಂದಿನಿಂದ ಯಾರೋ ಕೇಳಿದರು. ಇಲ್ಲ. ಬಿಟ್ ಗುಂಡಗೆ ತಿರುಗುವುದರಿಂದ ಒಳಮೂಲೆ ಚೂಪಾಗಿ ಬರುವುದಿಲ್ಲ. ಎರಡು ಹೂವಿಗೆ ಹೊಸದಾಗಿ ಚಿತ್ರ ಬರೆದು, ದಾರಿ ಲೆಕ್ಕ ಹಾಕಿ, ಬಿಟ್ ಬದಲಾಯಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಆಚಾರ್ರು ಜಗಲಿಯ ಮೇಲೆ ಕೂತು ಉಳಿ, ಕೊಡತಿಯಲ್ಲಿ ಒಂದು ಕಾಫಿಯಿಂದ ಇನ್ನೊಂದು ಕಾಫಿಯೊಳಗೆ ಎರಡನ್ನೂ ಮುಗಿಸಿದರು. ಈಗ ಅವರ ಕೆಲಸದ ಉದ್ದ ಪಟ್ಟಿಗಳು ನನ್ನ ಹತ್ತಿರ ಬರುತ್ತವೆ, ನನ್ನ ಮೂಲೆಗಳು ಅವರ ಹತ್ತಿರ ಹೋಗುತ್ತವೆ.

ಅಷ್ಟರಲ್ಲಿ ಪಟ್ಟಿ ಸುತ್ತು ಮುಗಿಸಿ ಮುಂದಿನ ಸಾಲಿಗೆ ಬಂದಿತ್ತು. ಅಲ್ಲಿದ್ದ ಒಬ್ಬರು ಹಿರಿಯ ಹೆಂಗಸು ಅದನ್ನು ತೊಡೆಯ ಮೇಲಿಟ್ಟು ಗೇಣು ಹಾಕುತ್ತಿದ್ದರು. ತುಂಡು ಎಲೆಯನ್ನು ಹೆಬ್ಬೆರಳಲ್ಲಿ ಮುಚ್ಚಿ ಇನ್ನೊಂದು ಸಲ ಅಳೆದರು. "ಎರಡು ಗೇಣು, ಒಂದು ಅಂಗುಲ. ನಮ್ಮನೆ ದೇವರ ಗೂಡು ಸರಿಯಾಗಿ ಇಷ್ಟೇ ಅಗಲ. ಇದೊಂದು ಚೂರು ಕತ್ತರಿಸಿ ನಂಗೆ ಕೊಡ್ತೀರೇನಪ್ಪಾ?" ಅಂದರು. ಆರು ಎಲೆ, ತಲಾ 80, ಒಟ್ಟು 480 ಮಿಲಿಮೀಟರ್. ಅವರ ಗೇಣಿಗೂ ನನ್ನ ಲೆಕ್ಕಕ್ಕೂ ಒಂದು ನೂಲಿನ ವ್ಯತ್ಯಾಸ ಇರಲಿಲ್ಲ. ಗರಗಸ ತರಲು ಗೆಳೆಯರು ಕೆಳಗೆ ಹೋದರು.